ಓಡುವ ಕಾಲಿಗೆ ತಕ್ಕ ಮೆಟ್ಟು

ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆ ದನಕರುಗಳಿಗೆ ಹೆಸರಾದುದು. ಅಮೃತಮಹಲ್ ತಳಿಯ ಸಂವರ್ಧನ ಕೇಂದ್ರವಿರುವುದು ಅಜ್ಜಂಪುರದಲ್ಲಿಯೇ. ಈ ಸೀಮೆಯ ರೈತನಿಗೆ ಒಂದು ಸಂಗತಿ ಬಹುಕಾಲದಿಂದ ತಿಳಿದಿದೆ. ಹೊಲದ ಮೆತ್ತನೆಯ ಮಣ್ಣಿನಲ್ಲಿ ಮಾತ್ರ ದುಡಿಯುವ ಎತ್ತಿಗೆ ಲಾಳ ಬೇಕಾಗುವುದಿಲ್ಲ. ಅದೇ ಎತ್ತನ್ನು ಗಾಡಿಗೆ ಹೂಡಿ ಕಲ್ಲುರಸ್ತೆಯಲ್ಲಿ ದೂರ ನಡೆಸಬೇಕಾದರೆ ಲಾಳ ಕಟ್ಟಿಸಲೇಬೇಕು. ಲಾಳ ಕಟ್ಟುವವನು ಎತ್ತನ್ನು ಕೆಡವಿದೊಡನೆ ಮೊದಲು ನೋಡುವುದು ಗೊರಸನ್ನು. ಅದರ ಅಗಲವೆಷ್ಟು, ಸವೆದಿರುವುದು ಎಲ್ಲಿ ಎಂಬುದನ್ನು ಅರಿತ ಮೇಲೆಯೇ ಅವನು ಲಾಳವನ್ನು ಆರಿಸುತ್ತಾನೆ.

ಮನುಷ್ಯನ ಪಾದದ ವಿಷಯದಲ್ಲಿ ಈ ವಿವೇಕ ನಮಗೆ ಅಷ್ಟು ಸುಲಭವಾಗಿ ಒದಗುವುದಿಲ್ಲ. ಕಡೂರು ತಾಲ್ಲೂಕಿನ ಎಮ್ಮೆದೊಡ್ಡಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಪಶ್ಚಿಮದ ಬೆಟ್ಟಸಾಲುಗಳು ಮುಂಗಾರಿನ ಮೋಡಗಳನ್ನು ಬಹುಮಟ್ಟಿಗೆ ತಡೆದುಬಿಡುವುದರಿಂದ ಕಡೂರಿನ ಬಯಲು ಮಳೆ ಕಡಮೆಯಾದ ಪ್ರದೇಶ. ಇಂತಹ ಊರಿನಿಂದ ಮದಗದ ಕೆರೆಯ ಕಡೆಗೆ ಬೆಳಗಿನ ಜಾವ ಓಡಲು ಹೊರಡುವ ಒಬ್ಬ ವಿದ್ಯಾರ್ಥಿಯನ್ನು ಕಲ್ಪಿಸಿಕೊಳ್ಳಿರಿ. ಅವನ ಗುರಿ ಪೊಲೀಸ್ ಇಲಾಖೆಯ ಅಥವಾ ಸೈನ್ಯದ ನೇಮಕಾತಿಯಲ್ಲಿರುವ 1600 ಮೀಟರ್ ಓಟವಾಗಿರಬಹುದು. ಬೆಂಗಳೂರಿನಲ್ಲಿ 2008ರಲ್ಲಿ ಆರಂಭವಾದ 10 ಕಿಲೋಮೀಟರ್ ಓಟವಾಗಿರಬಹುದು. ಕೇವಲ ದೇಹಾರೋಗ್ಯವೂ ಆಗಿರಬಹುದು. ಶಾಲೆಯ ಹಳೆಯ ಕ್ಯಾನ್ವಾಸ್ ಷೂ, ತೆಳುವಾದ ಹತ್ತಿಯ ಕಾಲುಚೀಲ ಇವಿಷ್ಟೇ ಅವನ ಸಲಕರಣೆ. ಒಂದು ವಾರದೊಳಗಾಗಿ ಹಿಮ್ಮಡಿಯಲ್ಲಿ ಬೊಬ್ಬೆ ಏಳುತ್ತದೆ, ಒಡೆಯುತ್ತದೆ, ಕುಂಟುತ್ತ ಮನೆಗೆ ಬರಬೇಕಾಗುತ್ತದೆ. ಓಟ ತನ್ನಂಥವನಿಗೆ ಹೇಳಿಸಿದುದಲ್ಲವೆಂದು ಅವನು ಅಲ್ಲಿಗೇ ಕೈಬಿಡುತ್ತಾನೆ. ಅಥವಾ ಮನೆಯವರನ್ನು ಕಾಡಿಬೇಡಿ, ಜಾಹೀರಾತಿನಲ್ಲಿ ಕಂಡ ದುಬಾರಿ ಷೂವನ್ನು ತರಿಸಿಕೊಳ್ಳುತ್ತಾನೆ. ಅವನ ಹೃದಯವಾಗಲಿ ಶ್ವಾಸಕೋಶವಾಗಲಿ ಸೋತಿರುವುದಿಲ್ಲ. ಸೋತಿರುವುದು ಒಂದು ರೂಪಾಯಿ ನಾಣ್ಯದಷ್ಟು ಅಗಲದ ಚರ್ಮ. ಈ ಸೋಲಿನ ಕಾರಣವನ್ನು ಭೌತವಿಜ್ಞಾನದ ಸರಳ ನಿಯಮಗಳಿಂದ ತಿಳಿಯಬಹುದು, ತಿಳಿದು ಬಹುಮಟ್ಟಿಗೆ ತಪ್ಪಿಸಲೂಬಹುದು.

ಬರಿಗಾಲಿನ ಓಟ

ಓಡುವುದಕ್ಕೆ ಪಾದರಕ್ಷೆ ಬೇಕೇ ಬೇಕೆ ಎಂಬ ಪ್ರಶ್ನೆ ಮೊದಲು ಏಳುತ್ತದೆ. ನಮ್ಮ ನಾಡಿನ ಇತಿಹಾಸವೇ ಈ ಪ್ರಶ್ನೆಯನ್ನು ಒಡ್ಡಿದೆ. 1919ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟದಲ್ಲಿ ಹಳ್ಳಿಗಾಡಿನ ಯುವಕರು ಬರಿಗಾಲಿನಲ್ಲಿ ದೂರದ ಓಟ ಓಡಿದುದನ್ನು ಸರ್ ದೊರಾಬ್ಜಿ ಟಾಟಾ ಅವರು ಕಂಡು ಬೆರಗಾದರು. ಅವರ ಪ್ರಯತ್ನದಿಂದ 1920ರಲ್ಲಿ ಆಂಟ್‌ವರ್ಪ್ ನಗರದ ಒಲಿಂಪಿಕ್ ಕ್ರೀಡೆಗಳಿಗೆ ಭಾರತದಿಂದ ಒಂದು ಪುಟ್ಟ ತಂಡ ಹೋಯಿತು. ಅದರಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಅವರೂ ಇದ್ದರು. ಆ ವರ್ಷದ ಮ್ಯಾರಥಾನ್ ಓಟದ ದೂರ 42.75 ಕಿಲೋಮೀಟರ್; ಒಲಿಂಪಿಕ್ ಮ್ಯಾರಥಾನ್‌ಗಳಲ್ಲೆಲ್ಲ ಅದೇ ಅತಿ ಉದ್ದವಾದುದು. ಅದನ್ನು ಚೌಗುಲೆ ಅವರು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಮುಗಿಸಿ 19ನೆಯವರಾಗಿ ಬಂದರು.

ನಲವತ್ತು ವರ್ಷಗಳ ತರುವಾಯ, 1960ರಲ್ಲಿ, ರೋಮ್ ನಗರದಲ್ಲಿ ಇಥಿಯೋಪಿಯದ ಅಬೆಬೆ ಬಿಕಿಲ ಬರಿಗಾಲಿನಲ್ಲಿಯೇ ಮ್ಯಾರಥಾನ್ ಗೆದ್ದುದು ಲೋಕಪ್ರಸಿದ್ಧ. ಅವನು ಷೂಗಳನ್ನು ತಿರಸ್ಕರಿಸಿದವನೇನೂ ಅಲ್ಲ. ಅಲ್ಲಿ ದೊರೆತ ಹೊಸ ಷೂಗಳು ಅವನ ಪಾದಕ್ಕೆ ಹೊಂದಲಿಲ್ಲ; ಬರಿಗಾಲಿನಲ್ಲಿ ಓಡಿ ಅಭ್ಯಾಸವಿದ್ದುದರಿಂದ ಹೊಂದದ ಷೂವಿಗಿಂತ ಬರಿಗಾಲೇ ಲೇಸೆಂದು ನಿರ್ಧರಿಸಿದನು. 1964ರಲ್ಲಿ ಟೋಕಿಯೊದಲ್ಲಿ ಷೂ ತೊಟ್ಟು ಓಡಿ ಮತ್ತೆ ಗೆದ್ದನು. ರೋಮ್‌ನಲ್ಲಿ ತೆಗೆದುಕೊಂಡ ಕಾಲ 2 ಗಂಟೆ 15 ನಿಮಿಷ 16 ಸೆಕೆಂಡು. ಟೋಕಿಯೊದಲ್ಲಿ 2 ಗಂಟೆ 12 ನಿಮಿಷ 11 ಸೆಕೆಂಡು. ಈ ವ್ಯತ್ಯಾಸವೆಲ್ಲ ಷೂವಿನಿಂದಲೇ ಆಯಿತೆನ್ನಲಾಗದು. ಒಳ್ಳೆಯ ಪಾದರಕ್ಷೆ ಸಮರ್ಥನಾದ ಓಟಗಾರನಿಗೆ ಅಡ್ಡಿಯಾಗದು, ಹೊಂದದ ಪಾದರಕ್ಷೆ ಖಂಡಿತ ಅಡ್ಡಿಯಾಗುವುದು ಎಂಬಷ್ಟನ್ನು ಮಾತ್ರ ಇದರಿಂದ ಗ್ರಹಿಸಬಹುದು.

ಹಾಗಾದರೆ ನಮ್ಮ ವಿದ್ಯಾರ್ಥಿಯೂ ಬರಿಗಾಲಿನಲ್ಲಿಯೇ ಓಡಬಾರದೇಕೆ? ಬಾಲ್ಯದಿಂದ ಬರಿಗಾಲಿನಲ್ಲಿ ಓಡಾಡಿದವನ ಅಂಗಾಲು ಜಡ್ಡುಗಟ್ಟಿ ದಪ್ಪನಾಗಿರುತ್ತದೆ. ಮೀನಖಂಡದ ಸ್ನಾಯುಗಳೂ ಅದಕ್ಕೆ ಒಗ್ಗಿರುತ್ತವೆ. ಬರಿಗಾಲಿನಲ್ಲಿ ಓಡಿ ಅಭ್ಯಾಸವುಳ್ಳವರು ಸಾಮಾನ್ಯವಾಗಿ ಪಾದದ ಮುಂಭಾಗವನ್ನು ಮೊದಲು ಊರುತ್ತಾರೆಂದೂ, ಷೂ ತೊಟ್ಟವರಲ್ಲಿ ಹೆಚ್ಚಿನವರು ಹಿಮ್ಮಡಿಯನ್ನು ಊರುತ್ತಾರೆಂದೂ 2010ರಲ್ಲಿ ಡೇನಿಯಲ್ ಲೀಬರ್‌ಮನ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಸಂಶೋಧನೆಯಲ್ಲಿ ಕಂಡುಬಂದಿತು. ಶಿಶುವಿಹಾರದಿಂದಲೇ ಷೂ ತೊಟ್ಟು ಬೆಳೆದ ಹುಡುಗನು ಒಂದೇ ದಿನದಲ್ಲಿ ಈ ಕ್ರಮವನ್ನು ಬದಲಿಸಿದರೆ ಮೀನಖಂಡಕ್ಕೂ ಹಿಮ್ಮಡಿಯ ನರಕ್ಕೂ ಅಳತೆಮೀರಿದ ಶ್ರಮವಾಗುತ್ತದೆ. ಇದಲ್ಲದೆ ದಾರಿಯಲ್ಲಿ ಹರಳು, ಜಾಲಿಮುಳ್ಳು, ನೆಗ್ಗಿಲುಮುಳ್ಳು, ಒಡೆದ ಗಾಜು ಇವೆ. ಮುಳ್ಳು ಮೊಳೆಗಳ ಗಾಯದಿಂದ ಧನುರ್ವಾಯು ಬರುವ ಭಯವುಂಟು. ಹೊಲಸಾದ ತೇವದ ನೆಲದಲ್ಲಿ ಕೊಕ್ಕೆಹುಳುವಿನ ಮರಿಗಳು ಪಾದದ ಚರ್ಮದ ಮೂಲಕವೇ ದೇಹವನ್ನು ಹೊಗುತ್ತವೆ. ಆದುದರಿಂದ ಹೊಸಬನು ಪಾದರಕ್ಷೆ ತೊಟ್ಟೇ ಆರಂಭಿಸುವುದು ಕ್ಷೇಮ.

ಒಂದು ಹೆಜ್ಜೆಯ ಲೆಕ್ಕ

ಪಾದದ ಮೇಲೆ ಬೀಳುವ ಬಲವೆಷ್ಟು? ಇದನ್ನು ತಿಳಿಯಲು ಪ್ರಯೋಗಶಾಲೆ ಬೇಕಿಲ್ಲ. ನ್ಯೂಟನ್ನನ ನಿಯಮ ಸಾಕು. 50 ಕಿಲೋಗ್ರಾಂ ತೂಕದ ವಿದ್ಯಾರ್ಥಿ ನಿಮಿಷಕ್ಕೆ 160 ಹೆಜ್ಜೆಗಳಂತೆ ಓಡುತ್ತಾನೆನ್ನಿರಿ. ಒಂದು ಹೆಜ್ಜೆಗೆ 0.375 ಸೆಕೆಂಡು ಹಿಡಿಯಿತು. ಇದರಲ್ಲಿ ಪಾದ ನೆಲವನ್ನು ಮುಟ್ಟಿರುವುದು ಸುಮಾರು 0.25 ಸೆಕೆಂಡು, ಉಳಿದ ಕಾಲ ಅವನು ಗಾಳಿಯಲ್ಲಿರುತ್ತಾನೆ. ಭೂಮಿಯಾದರೋ ಅವನನ್ನು ಎಡೆಬಿಡದೆ ಕೆಳಕ್ಕೆ ಎಳೆಯುತ್ತಲೇ ಇರುತ್ತದೆ. 0.375 ಸೆಕೆಂಡಿನ ಈ ಸೆಳೆತವನ್ನು ಸರಿದೂಗಿಸುವ ತಳ್ಳನ್ನು ನೆಲವು 0.25 ಸೆಕೆಂಡಿನಲ್ಲಿಯೇ ಕೊಡಬೇಕು. ಎಂದರೆ ಪಾದ ನೆಲದಲ್ಲಿರುವಾಗ ಅದರ ಮೇಲಿನ ಸರಾಸರಿ ಬಲ ದೇಹದ ತೂಕದ ಒಂದೂವರೆಯಷ್ಟು, 75 ಕಿಲೋಗ್ರಾಂ ತೂಕದಷ್ಟು, ಆಗಬೇಕು. ಈ ಬಲ ಸೊನ್ನೆಯಿಂದ ಏರಿ ಮತ್ತೆ ಸೊನ್ನೆಗೆ ಇಳಿಯುವುದರಿಂದ ನಡುವಿನ ಗರಿಷ್ಠ ಬೆಲೆ ಸರಾಸರಿಗಿಂತ ಹೆಚ್ಚಾಗಿರುತ್ತದೆ. ಏರಿಳಿತದ ರೇಖೆಯನ್ನು ಅರ್ಧ ಸೈನ್ ಅಲೆಯೆಂದು ಭಾವಿಸಿ ಲೆಕ್ಕಹಾಕಿದರೆ ಗರಿಷ್ಠ ಬಲ ಸುಮಾರು 118 ಕಿಲೋಗ್ರಾಂ ತೂಕದಷ್ಟಾಗುತ್ತದೆ. ದೇಹದ ತೂಕದ ಎರಡು ಪಟ್ಟಿಗೂ ಮೀರಿದುದು.

ಒಂದು ಹೆಜ್ಜೆಗೆ 1 ಮೀಟರ್ ಎಂದಿಟ್ಟುಕೊಂಡರೆ 5 ಕಿಲೋಮೀಟರ್ ಓಟದಲ್ಲಿ ಪ್ರತಿ ಪಾದವೂ ಈ ಬಲವನ್ನು 2500 ಸಲ ತಾಳಿಕೊಳ್ಳಬೇಕು. ನಡೆದಾಡುವಾಗ ಗಮನಕ್ಕೇ ಬಾರದ ಕಾಲುಚೀಲದ ಒಂದು ಮಡಿಕೆ, ಷೂವಿನೊಳಗಿನ ಒಂದು ಹೊಲಿಗೆ ಓಟದಲ್ಲಿ ಗಾಯಕ್ಕೆ ಕಾರಣವಾಗುವುದು ಈ ಎಣಿಕೆಯಿಂದಲೇ.

ಬೊಬ್ಬೆ ಏಳುವ ಬಗೆ

ಚರ್ಮವನ್ನು ಷೂ ಮೇಲಿನಿಂದ ಉಜ್ಜಿ ಸವೆಸುವುದರಿಂದಲೇ ಬೊಬ್ಬೆ ಏಳುತ್ತದೆಂದು ಸಾಮಾನ್ಯವಾಗಿ ನಂಬುವುದುಂಟು. ವಾಸ್ತವವಾಗಿ ಕೇಡು ನಡೆಯುವುದು ಒಳಗೆ. ವಾಚಕರು ಬಲಗೈಯ ತೋರುಬೆರಳನ್ನು ಎಡಗೈಯ ಹಿಂಬದಿಯ ಚರ್ಮದ ಮೇಲೆ ಗಟ್ಟಿಯಾಗಿ ಒತ್ತಿ ಮುಂದಕ್ಕೂ ಹಿಂದಕ್ಕೂ ಸರಿಸಿ ನೋಡಲಿ. ಬೆರಳು ಜಾರುವುದಕ್ಕೆ ಮೊದಲು ಚರ್ಮವೇ ಬೆರಳಿನ ಜೊತೆಯಲ್ಲಿ ಸರಿಯುತ್ತದೆ. ಕೆಳಗಿನ ಮೂಳೆ ಮಾತ್ರ ಇದ್ದಲ್ಲಿಯೇ ಇರುತ್ತದೆ. ಷೂವಿನೊಳಗೆ ನಡೆಯುವುದೂ ಇದೇ. ಕಾಲುಚೀಲಕ್ಕೆ ಅಂಟಿದ ಹೊರಚರ್ಮ ಅಲ್ಲಿಯೇ ನಿಲ್ಲುತ್ತದೆ, ಒಳಗಿನ ಮೂಳೆ ಪ್ರತಿ ಹೆಜ್ಜೆಗೂ ಹಿಂದುಮುಂದಾಗುತ್ತದೆ. ನಡುವಿನ ಪದರಗಳು ಓರೆಯಾಗಿ ಎಳೆಯಲ್ಪಡುತ್ತವೆ. ಈ ಎಳೆತ ಸಾವಿರಾರು ಸಲ ನಡೆದಾಗ ಹೊರಚರ್ಮದ ಒಳಪದರವೊಂದು ಹರಿದು, ಆ ಬಿರುಕಿನಲ್ಲಿ ನೀರು ತುಂಬಿ ಬೊಬ್ಬೆಯಾಗುತ್ತದೆ.

ಆದುದರಿಂದ ಬೊಬ್ಬೆಗೆ ಒತ್ತಡ, ಚರ್ಮವನ್ನು ಕಾಲುಚೀಲಕ್ಕೆ ಕಚ್ಚಿಸುವ ಘರ್ಷಣೆ, ಪುನರಾವೃತ್ತಿ ಇವು ಮೂರೂ ಕಾರಣ. ಘರ್ಷಣೆಯ ವಿಷಯದಲ್ಲಿ ಒಂದು ವಿಶೇಷವುಂಟು. 1955ರಲ್ಲಿ ನೇಯ್ಲರ್ ಎಂಬುವರು ಪ್ರಯೋಗ ಮಾಡಿ, ಒಣಗಿದ ಚರ್ಮಕ್ಕಿಂತ ಸ್ವಲ್ಪ ತೇವವಾದ ಚರ್ಮದಲ್ಲಿ ಘರ್ಷಣೆ ಹೆಚ್ಚು, ತೀರ ನೆನೆದ ಚರ್ಮದಲ್ಲಿ ಮತ್ತೆ ಕಡಮೆ ಎಂಬುದನ್ನು ತೋರಿಸಿದರು. ಪುಸ್ತಕದ ಹಾಳೆ ತಿರುವುವಾಗ ಬೆರಳನ್ನು ನಾವು ತುಸು ಒದ್ದೆ ಮಾಡಿಕೊಳ್ಳುವುದು ಈ ಕಾರಣದಿಂದಲೇ. ಬೆವರಿದ ಪಾದ ಸಾಮಾನ್ಯವಾಗಿ ಈ ಅಪಾಯದ ನಡುಸ್ಥಿತಿಯಲ್ಲಿರುತ್ತದೆ. ನೆನೆದು ಮೆತ್ತಗಾದ ಚರ್ಮವಾದರೋ ಬೇಗ ಹರಿಯುವುದರಿಂದ ಪೂರ್ಣ ಒದ್ದೆಯಾದರೂ ಕ್ಷೇಮವಿಲ್ಲ. ಒಣಗಿರುವುದೊಂದೇ ಒಳ್ಳೆಯ ದಾರಿ.

ಕಾಲುಚೀಲದ ಆಯ್ಕೆ

ಕಾಲುಚೀಲದ ಮುಖ್ಯ ಕೆಲಸ ಇಲ್ಲಿಯೇ ಇದೆ. ಶೇಕಡ 65ರಷ್ಟು ಸಾಪೇಕ್ಷ ಆರ್ದ್ರತೆಯುಳ್ಳ ಗಾಳಿಯಲ್ಲಿ ಹತ್ತಿಯ ನೂಲು ತನ್ನ ತೂಕದ ಸುಮಾರು ಶೇಕಡ 8ರಷ್ಟು ನೀರನ್ನು ಹೀರಿಕೊಂಡಿರುತ್ತದೆ. ಉಣ್ಣೆ ಸುಮಾರು ಶೇಕಡ 16ರಷ್ಟನ್ನು. ನೈಲಾನ್ ಶೇಕಡ 4ರಷ್ಟನ್ನು. ಪಾಲಿಯೆಸ್ಟರ್ ಶೇಕಡ ಅರ್ಧಕ್ಕಿಂತಲೂ ಕಡಮೆ. ಹತ್ತಿಯ ಎಳೆ ಬೆವರನ್ನು ಕುಡಿದು ಉಬ್ಬುತ್ತದೆ, ಮೆತ್ತಗಾಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ, ಆರಲು ಬಹಳ ಹೊತ್ತು ಹಿಡಿಯುತ್ತದೆ. ಪಾಲಿಯೆಸ್ಟರ್, ನೈಲಾನ್ ಮೊದಲಾದ ಕೃತಕ ಎಳೆಗಳು ನೀರನ್ನು ತಮ್ಮೊಳಗೆ ಹೆಚ್ಚು ಇಟ್ಟುಕೊಳ್ಳದೆ ಎಳೆಗಳ ನಡುವಣ ಸಂದುಗಳ ಮೂಲಕ ಹೊರಮೈಗೆ ಸಾಗಿಸುತ್ತವೆ. ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆಯೇ ಇದೂ ಕೇಶಾಕರ್ಷಣೆಯ ಕೆಲಸ. ನಯವಾದ ಉಣ್ಣೆ ನೀರನ್ನು ಹೀರಿದರೂ ತನ್ನ ಸುರುಳಿಯನ್ನು ಬಿಡದೆ ಉಬ್ಬಿಕೊಂಡೇ ಇರುವುದರಿಂದ ಚರ್ಮಕ್ಕೆ ಅಷ್ಟಾಗಿ ಅಂಟುವುದಿಲ್ಲ.

ಎಳೆಯೊಂದರಿಂದಲೇ ಎಲ್ಲವೂ ತೀರ್ಮಾನವಾಗುವುದಿಲ್ಲವೆಂಬುದನ್ನೂ ಹೇಳಬೇಕು. ಅಮೆರಿಕದಲ್ಲಿ ಹೆರಿಂಗ್ ಮತ್ತು ರಿಚಿ ಎಂಬ ಪಾದವೈದ್ಯರು 1990ರಲ್ಲಿ 35 ಮಂದಿ ದೂರ ಓಟಗಾರರ ಪರೀಕ್ಷೆಯನ್ನು ಪ್ರಕಟಿಸಿದರು. ಅಕ್ರಿಲಿಕ್ ನೂಲಿನ ಕಾಲುಚೀಲ ತೊಟ್ಟಾಗ ಹತ್ತಿಯದಕ್ಕಿಂತ ಕಡಮೆ ಬೊಬ್ಬೆಗಳು, ಅವೂ ಸಣ್ಣವು, ಕಂಡುಬಂದವು. ಆ ಕಾಲುಚೀಲಗಳಲ್ಲಿ ಒತ್ತಡ ಬೀಳುವ ಎಡೆಗಳಲ್ಲಿ ದಟ್ಟವಾದ ಮೆತ್ತೆಯ ಹೆಣಿಗೆ ಇದ್ದಿತು. ಮೂರು ವರ್ಷಗಳ ಬಳಿಕ ಅವರೇ ಸಾಧಾರಣ ಹೆಣಿಗೆಯ ಕಾಲುಚೀಲಗಳನ್ನು ಪರೀಕ್ಷಿಸಿದಾಗ ಅಕ್ರಿಲಿಕ್ಕಿನ ಮೇಲ್ಮೆ ಕಾಣಲಿಲ್ಲ. ಆದುದರಿಂದ ಕೊಳ್ಳುವಾಗ ಎಳೆಯನ್ನೂ ನೋಡಬೇಕು, ಹೆಣಿಗೆಯನ್ನೂ ನೋಡಬೇಕು.

ಕಾಲುಚೀಲದಲ್ಲಿ ಹಿಮ್ಮಡಿಗೆ ಬೇರೆಯಾಗಿ ಹೆಣೆದ ಗುಳಿ ಇರಲಿ. ಕೊಳವೆಯಂತೆ ನೇರವಾಗಿರುವುದು ಓಟದಲ್ಲಿ ಸುತ್ತಿಕೊಂಡು ಮಡಿಕೆ ಬೀಳುತ್ತದೆ. ಬೆರಳುಗಳ ಮೇಲಿನ ಹೊಲಿಗೆ ಕೈಗೆ ಗಂಟಾಗಿ ಸಿಕ್ಕಬಾರದು. ಮೇಲಿನ ಅಂಚು ಷೂವಿನ ಕತ್ತಿಗಿಂತ ಎತ್ತರವಾಗಿರಲಿ. ಇಲ್ಲವಾದರೆ ಹಿಮ್ಮಡಿಯ ನರ ಷೂವಿಗೆ ನೇರವಾಗಿ ಉಜ್ಜುತ್ತದೆ, ಗರಸಿನ ಹರಳೂ ಒಳನುಗ್ಗುತ್ತದೆ. ಬೊಬ್ಬೆಗೆ ಬೇಗ ತುತ್ತಾಗುವವರು ತೆಳುವಾದ ಎರಡು ಕಾಲುಚೀಲಗಳನ್ನು ಒಂದರ ಮೇಲೊಂದು ತೊಡಬಹುದು. ಆಗ ಜಾರುವಿಕೆ ಬಟ್ಟೆಗೂ ಬಟ್ಟೆಗೂ ನಡುವೆ ನಡೆದು ಚರ್ಮ ಉಳಿದುಕೊಳ್ಳುತ್ತದೆ. ಹೊಸ ಚಪ್ಪಲಿ ಕಚ್ಚಿದರೆ ಹರಳೆಣ್ಣೆ ಸವರುವ ನಮ್ಮ ಹಿರಿಯರ ಪದ್ಧತಿಯೂ ಘರ್ಷಣೆಯನ್ನು ಕಡಮೆ ಮಾಡುವ ಉಪಾಯವೇ. ಉಜ್ಜುವ ಎಡೆಗೆ ವ್ಯಾಸಲೀನ್ ಸವರಿಕೊಳ್ಳುವ ಓಟಗಾರನು ಮಾಡುವುದೂ ಅದನ್ನೇ.

ಷೂವಿನ ಅಳತೆ ಮತ್ತು ಅಟ್ಟೆ

ಇನ್ನು ಷೂವಿನ ಮಾತು. ಇದರಲ್ಲಿ ಅಳತೆಯೇ ಮೊದಲು, ಉಳಿದುದೆಲ್ಲ ಆಮೇಲೆ. ದಿನವಿಡೀ ನಿಂತು ನಡೆದ ಪಾದ ಸಂಜೆಗೆ ಸ್ವಲ್ಪ ಊದಿಕೊಂಡಿರುತ್ತದೆ. ದೂರ ಓಡುವಾಗಲೂ ಹೀಗೆಯೇ ಊದುತ್ತದೆ. ಆದುದರಿಂದ ಸಂಜೆಯ ಹೊತ್ತಿನಲ್ಲಿ, ಓಡುವಾಗ ತೊಡುವ ಕಾಲುಚೀಲವನ್ನೇ ತೊಟ್ಟು ಷೂ ನೋಡಬೇಕು. ಎರಡು ಪಾದಗಳೂ ಒಂದೇ ಅಳತೆಯವಾಗಿರುವುದು ಅಪೂರ್ವ, ದೊಡ್ಡದಾದುದಕ್ಕೆ ಹೊಂದಿಸಿಕೊಳ್ಳತಕ್ಕದ್ದು. ಎದ್ದು ನಿಂತಾಗ ಉದ್ದವಾದ ಬೆರಳಿನ ಮುಂದೆ ಕೈಯ ಹೆಬ್ಬೆರಳಿನ ಅಗಲದಷ್ಟು ಬರಿದಾದ ಎಡೆ ಉಳಿಯಬೇಕು. ಇಲ್ಲವಾದರೆ ಇಳಿಜಾರಿನಲ್ಲಿ ಪಾದ ಮುಂದಕ್ಕೆ ಜಾರಿ ಉಗುರುಗಳು ಗುದ್ದಿ ಕಪ್ಪಾಗುತ್ತವೆ.

ನಮ್ಮ ಅಂಗಡಿಗಳಲ್ಲಿ ನಡೆಯುತ್ತ ಬಂದಿರುವ ಬ್ರಿಟಿಷ್ ಅಳತೆಯಲ್ಲಿ ಒಂದು ಸಂಖ್ಯೆಗೂ ಮುಂದಿನದಕ್ಕೂ ಇರುವ ಅಂತರ ಅಂಗುಲದ ಮೂರರಲ್ಲೊಂದು ಭಾಗ, ಎಂದರೆ ಸುಮಾರು 8.5 ಮಿಲಿಮೀಟರ್. ಈ ಸಂಖ್ಯೆ ಉದ್ದವನ್ನು ತಿಳಿಸುತ್ತದೆಯೇ ಹೊರತು ಅಗಲವನ್ನು ತಿಳಿಸುವುದಿಲ್ಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯು 2021ರ ಕೊನೆಯಿಂದ 2022ರ ಆರಂಭದವರೆಗೆ ಒಂದು ಲಕ್ಷಕ್ಕೂ ಮಿಕ್ಕ ಭಾರತೀಯರ ಪಾದಗಳನ್ನು ಅಳೆಯಿಸಿತು. ನಮ್ಮವರ ಪಾದ ಯುರೋಪಿನವರ ಪಾದಕ್ಕಿಂತ ಸಾಮಾನ್ಯವಾಗಿ ಅಗಲವೆಂದು ಅದರಿಂದ ತಿಳಿದುಬಂದಿತು. ಇಕ್ಕಟ್ಟಾದ ಷೂವಿನಲ್ಲಿ ಅಗಲ ಸಾಲದೆಂದು ಒಂದು ಸಂಖ್ಯೆ ದೊಡ್ಡದನ್ನು ಕೊಂಡರೆ ಉದ್ದ ಹೆಚ್ಚಾಗಿ ಹಿಮ್ಮಡಿ ಜಾರುತ್ತದೆ. ಜಾರಿದ ಹಿಮ್ಮಡಿಯಲ್ಲಿ ಬೊಬ್ಬೆ ಏಳುತ್ತದೆ. ಆದುದರಿಂದ ಮನೆಯಲ್ಲಿ ಕಾಗದದ ಮೇಲೆ ನಿಂತು ಎರಡು ಪಾದಗಳ ಅಂಚನ್ನೂ ಪೆನ್ಸಿಲಿನಿಂದ ಬರೆದು ಕತ್ತರಿಸಿ ಅಂಗಡಿಗೆ ಒಯ್ಯಿರಿ. ಷೂವಿನ ಒಳಅಟ್ಟೆಯನ್ನು ಹೊರತೆಗೆದು ಅದರ ಮೇಲೆ ಈ ಕಾಗದವನ್ನಿಟ್ಟು ನೋಡಿರಿ. ಕಾಗದ ಅಟ್ಟೆಯ ಅಂಚನ್ನು ಮೀರಿ ಹೊರಚಾಚಿದರೆ ಆ ಷೂ ನಿಮ್ಮದಲ್ಲ.

ಅಟ್ಟೆಯ ನಡುಭಾಗ ಸಾಮಾನ್ಯವಾಗಿ ಅನಿಲದ ಗುಳ್ಳೆಗಳನ್ನು ತುಂಬಿದ ಕೃತಕ ನೊರೆಯಿಂದ ಆದುದು. ಅದು ಒತ್ತಿದಾಗ ಕುಗ್ಗಿ, ಬಿಟ್ಟಾಗ ಹಿಗ್ಗಿ, ಪಾದ ನೆಲಕ್ಕೆ ತಾಗುವ ಮೊದಲ ಪೆಟ್ಟನ್ನು ತುಸು ದೀರ್ಘಕಾಲಕ್ಕೆ ಹರಡುತ್ತದೆ. ಹಾಗೆಂದು ಮೆತ್ತೆ ಹೆಚ್ಚಿದಷ್ಟೂ ಒಳ್ಳೆಯದೆನ್ನಲಾಗದು. ಕೆಳಗಿನ ಹಾಸು ಮೆತ್ತಗಾದಂತೆ ಓಟಗಾರನು ತನಗರಿವಿಲ್ಲದೆಯೇ ಕಾಲನ್ನು ಬಿಗಿಮಾಡಿಕೊಳ್ಳುತ್ತಾನೆಂದು ಪ್ರಯೋಗಗಳು ತೋರಿಸಿವೆ. ಗರಸು ನೆಲದಲ್ಲಿ ಅತಿ ಎತ್ತರದ ಮೆತ್ತನೆಯ ಅಟ್ಟೆ ಓಲಾಡಿ ಕಾಲು ಉಳುಕುವುದೂ ಉಂಟು. ಷೂವಿನ ತೂಕವೂ ಗಣನೆಗೆ ಬರುತ್ತದೆ. ಲೋಲಕದ ತುದಿಯಲ್ಲಿರುವ ಗುಂಡಿನಂತೆ ಪಾದವನ್ನು ಪ್ರತಿ ಹೆಜ್ಜೆಗೂ ಬೀಸಿ ನಿಲ್ಲಿಸಬೇಕಾದುದರಿಂದ ಒಂದೊಂದು ಷೂವಿಗೂ 100 ಗ್ರಾಂ ಹೆಚ್ಚಿದರೆ ಓಟಕ್ಕೆ ಬೇಕಾದ ಆಮ್ಲಜನಕ ಸುಮಾರು ಶೇಕಡ 1ರಷ್ಟು ಹೆಚ್ಚುತ್ತದೆ.

ಇಂಗಾಲದ ಎಳೆಗಳ ತಗಡನ್ನು ಅಟ್ಟೆಯಲ್ಲಿ ಹುದುಗಿಸಿದ ಸ್ಪರ್ಧಾ ಷೂಗಳ ಸುದ್ದಿಯನ್ನು ವಾಚಕರು ಕೇಳಿರಬಹುದು. ಅವುಗಳ ಪ್ರಭಾವ ಎಷ್ಟಾಯಿತೆಂದರೆ 2020ರಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ರಸ್ತೆ ಓಟದ ಷೂವಿನ ಅಟ್ಟೆ 40 ಮಿಲಿಮೀಟರ್ ದಪ್ಪವನ್ನು ಮೀರಬಾರದೆಂದು ಕಟ್ಟಳೆ ಮಾಡಬೇಕಾಯಿತು. ಸೆಕೆಂಡುಗಳಿಗಾಗಿ ಹೋರಾಡುವ ಸ್ಪರ್ಧಾಳುವಿಗೆ ಅವು ಬೇಕಾದಾವು. ಮೊದಲ 5 ಕಿಲೋಮೀಟರ್ ಮುಗಿಸಬೇಕಾದವನಿಗೆ ಅವುಗಳಿಂದ ಪ್ರಯೋಜನವಿಲ್ಲ.

ಒದ್ದೆ ಪಾದವನ್ನು ನೆಲದ ಮೇಲೆ ಊರಿ, ಹೆಜ್ಜೆಗುರುತಿನ ಆಕಾರ ನೋಡಿ, ಚಪ್ಪಟೆ ಪಾದಕ್ಕೆ ಒಂದು ಬಗೆಯ ಷೂ, ಕಮಾನು ಪಾದಕ್ಕೆ ಇನ್ನೊಂದು ಬಗೆಯ ಷೂ ಎಂದು ಹೇಳುವ ಕ್ರಮ ಬಹುಕಾಲದಿಂದ ಇದೆ. ಇದನ್ನು ಅಮೆರಿಕದ ಸೈನ್ಯದಲ್ಲಿಯೂ ವಾಯುಪಡೆ ಮತ್ತು ಮರೀನ್ ಪಡೆಗಳಲ್ಲಿಯೂ ಹೊಸದಾಗಿ ಸೇರಿದ ಸಾವಿರಾರು ಮಂದಿಯ ಮೇಲೆ ಪರೀಕ್ಷಿಸಿ 2009, 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಅರ್ಧದಷ್ಟು ಜನಕ್ಕೆ ಪಾದದ ಆಕಾರಕ್ಕೆ ತಕ್ಕ ಷೂ, ಉಳಿದವರಿಗೆಲ್ಲ ಒಂದೇ ಬಗೆಯ ಷೂ. ತರಬೇತಿಯ ಕೊನೆಗೆ ಎರಡು ಗುಂಪುಗಳ ಗಾಯಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದುದರಿಂದ ಹೊಸಬನು ಇಂತಹ ವರ್ಗೀಕರಣಕ್ಕಾಗಿ ಹೆಚ್ಚು ಹಣ ತೆರಬೇಕಾದುದಿಲ್ಲ. ತೊಟ್ಟು ಹತ್ತು ಮಾರು ಓಡಿ ನೋಡಿದಾಗ ಎಲ್ಲಿಯೂ ಒತ್ತದೆ, ಎಲ್ಲಿಯೂ ಜಾರದೆ ಹಿತವಾಗಿರುವ ಷೂ ಸಾಕು.

ಮನೆಯಲ್ಲಿ ಮಾಡಬಹುದಾದ ಒಂದು ಪ್ರಯೋಗ

ಕಾಲುಚೀಲದ ಗುಣವನ್ನು ವಿದ್ಯಾರ್ಥಿಗಳು ತಾವೇ ಅಳೆಯಬಹುದು. ಹತ್ತಿಯದೊಂದು, ಪಾಲಿಯೆಸ್ಟರಿನದೊಂದು ಕಾಲುಚೀಲವನ್ನು ತೂಗಿ, ಇಬ್ಬರೂ ತಲಾ ಒಂದನ್ನು ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿ ಮತ್ತೆ ತೂಗಿ, ನೆರಳಿನಲ್ಲಿ ಒಂದೇ ಹಗ್ಗಕ್ಕೆ ಹಾಕಿರಿ. ಕಾಲು ಗಂಟೆಗೊಮ್ಮೆ ತೂಕ ಬರೆದುಕೊಂಡು ನಕ್ಷೆ ಎಳೆಯಿರಿ. ಎರಡು ರೇಖೆಗಳ ಇಳಿತವನ್ನು ಹೋಲಿಸಿದರೆ ಯಾವುದು ಬೇಗ ಒಣಗುತ್ತದೆಂಬುದು ಕಣ್ಣಿಗೇ ಕಾಣುತ್ತದೆ. ಇದನ್ನು ಬೇಸಗೆಯಲ್ಲಿ ಎಮ್ಮೆದೊಡ್ಡಿಯಲ್ಲಿಯೂ, ಮಳೆಗಾಲದಲ್ಲಿ ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯ ತಪ್ಪಲಿನಲ್ಲಿಯೂ ಮಾಡಿದರೆ ಗಾಳಿಯ ಆರ್ದ್ರತೆಯ ಪಾತ್ರವೂ ತಿಳಿಯುತ್ತದೆ. ಬಯಲಿನವನಿಗೆ ಎರಡು ಜೊತೆ ಸಾಕಾದರೆ ಮಲೆನಾಡಿನ ಅಂಚಿನವನಿಗೆ ಮೂರು ನಾಲ್ಕು ಜೊತೆ ಏಕೆ ಬೇಕೆಂಬುದು ಆ ನಕ್ಷೆಯಿಂದಲೇ ಸ್ಪಷ್ಟವಾಗುವುದು.

ಆರಂಭಿಸುವ ಕ್ರಮ

ಹೊಸ ಷೂವನ್ನು ತೊಟ್ಟ ದಿನವೇ ದೂರ ಓಡಬಾರದು. ಕೆಲವು ದಿನ ನಡೆದಾಡಿ, ಬಳಿಕ ನಡಿಗೆಯ ನಡುನಡುವೆ ಒಂದೆರಡು ನಿಮಿಷ ಓಡಿ, ವಾರದಿಂದ ವಾರಕ್ಕೆ ದೂರವನ್ನು ಸ್ವಲ್ಪಸ್ವಲ್ಪವಾಗಿ ಏರಿಸಬೇಕು. ಚರ್ಮವೂ ಸ್ನಾಯುವೂ ಮೂಳೆಯೂ ಭಾರಕ್ಕೆ ತಕ್ಕಂತೆ ಬಲಗೊಳ್ಳುತ್ತವೆ, ಆದರೆ ಅವಕ್ಕೆ ಕಾಲಾವಕಾಶ ಬೇಕು. ಓಡುವಾಗ ಪಾದದ ಒಂದು ಎಡೆ ಬಿಸಿಯೇರಿ ಉರಿಯತೊಡಗಿದರೆ ಅದೇ ಬೊಬ್ಬೆಯ ಮುನ್ಸೂಚನೆ. ಆಗ ನಿಂತು, ಹರಳಿದ್ದರೆ ಕೊಡವಿ, ಕಾಲುಚೀಲದ ಮಡಿಕೆ ಬಿಡಿಸಿ, ಲಾಡಿಯನ್ನು ಮತ್ತೆ ಕಟ್ಟಬೇಕು. ಬೊಬ್ಬೆ ಎದ್ದೇ ಬಿಟ್ಟರೆ ಮೇಲಿನ ಚರ್ಮವನ್ನು ಕಿತ್ತುಹಾಕಕೂಡದು. ಅದಕ್ಕಿಂತ ಒಳ್ಳೆಯ ಪಟ್ಟಿ ಇಲ್ಲ. ತೊಳೆದು, ಚೊಕ್ಕಟವಾದ ಬಟ್ಟೆ ಕಟ್ಟಿ, ವಾಸಿಯಾಗುವವರೆಗೆ ಓಟವನ್ನು ನಿಲ್ಲಿಸುವುದು ಲೇಸು. ಸುತ್ತಲೂ ಕೆಂಪೇರಿ ಊದಿಕೊಂಡರೆ, ಕೀವು ಕಂಡರೆ, ವೈದ್ಯರಲ್ಲಿಗೆ ಹೋಗತಕ್ಕದ್ದು.

ಷೂವಿನ ನೊರೆ ಕಾಲಕ್ರಮದಲ್ಲಿ ಚಪ್ಪಟೆಯಾಗುತ್ತದೆ. ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರ್ ಓಟಕ್ಕೆ ಒಂದು ಜೊತೆ ಎಂದು ಹೇಳುವುದುಂಟು. ವಾರಕ್ಕೆ 15 ಕಿಲೋಮೀಟರ್ ಓಡುವ ಹೊಸಬನಿಗೆ ಇದರಂತೆ ಒಂದು ಜೊತೆ ಎಂಟು ತಿಂಗಳಾದರೂ ಬಾಳುತ್ತದೆ. ಓಟಕ್ಕಾಗಿ ಕೊಂಡುದನ್ನು ಓಟಕ್ಕೇ ಮೀಸಲಿಟ್ಟು, ಒದ್ದೆಯಾದಾಗ ಒಳಅಟ್ಟೆ ತೆಗೆದು ನೆರಳಿನಲ್ಲಿ ಆರಿಸಿದರೆ ಇನ್ನಷ್ಟು ದಿನ ಬಂದೀತು.

ಕೈಯಲ್ಲಿರುವ ಹಣ ಸ್ವಲ್ಪವೇ ಆಗಿದ್ದರೆ ಅದನ್ನು ಹೇಗೆ ಹಂಚಬೇಕೆಂದು ನಮ್ಮನ್ನು ವಿದ್ಯಾರ್ಥಿಗಳು ಕೇಳುವುದುಂಟು. ಅಗಲಕ್ಕೂ ಉದ್ದಕ್ಕೂ ಸರಿಯಾಗಿ ಹೊಂದುವ, ಓಟಕ್ಕೆಂದೇ ಮಾಡಿದ ಸಾಧಾರಣ ಬೆಲೆಯ ಷೂ ಒಂದು ಜೊತೆ, ಬೇಗ ಒಣಗುವ ಕಾಲುಚೀಲ ಎರಡು ಜೊತೆ. ಇಷ್ಟಾದರೆ ಎಮ್ಮೆದೊಡ್ಡಿಯ ಗರಸಿನ ಮೇಲೂ ಬೆಂಗಳೂರಿನ ಡಾಂಬರಿನ ಮೇಲೂ ಓಟವನ್ನು ಆರಂಭಿಸಬಹುದು. ಮಿಕ್ಕ ಹಣವಿದ್ದರೆ ಷೂವಿನ ಬೆಲೆಯನ್ನು ಏರಿಸುವುದಕ್ಕಿಂತ ಮೂರನೆಯ ಜೊತೆ ಕಾಲುಚೀಲ ಕೊಳ್ಳುವುದು ಜಾಣತನ.